ಆಳಂದ ಹುಡುಕಿದರೆ ಹಡಗು ಬರ್ತದಂತ!

ಮೊನ್ನೆ ಆಳಂದ ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತಾ ಕುಳಿತಿದ್ದೆ. ಪರಿಚಯದ ಬೇಳೆ ವ್ಯಾಪಾರಿಯೊಬ್ಬರು ಬಂದವರೇ ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದರು.

"ನೋಡ್ರಿ ಪೇಪರ್‌ನವರ, ನನ್ನ ಮಗ ಪುಣೆದಾಗ ಕುಂತು ಆಳಂದ ಅಂತ ಇಂಗ್ಲಿಷ್‌ನ್ಯಾಗ ಹೊಡದ್ರ ಯಾವುದೋ ಸಮುದ್ರ ಬರ್ತದಂತ. ಹಡಗು ಬರ್ತದಂತ. ನಮ್ಮೂರಾಗ ಬ್ಯಾಸಗಿ ಬಂತಂದ್ರ ಕುಡಿಯಾಕ ನೀರಿಲ್ಲ, ಹಡಗು ಎಲ್ಲಿಂದ ಬಂತ್ರಿ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆದರೆ ಮಗ ಸುಳ್ಳು ಹೇಳಿರಲಿಲ್ಲ. ಫಿನ್‌ಲೆಂಡ್ ದೇಶಕ್ಕೆ ಸೇರಿದ ಓಲಂಡ್ ಎಂಬ ದ್ವೀಪಗಳ ಗುಂಪು ಇದೆ. ಅದರ ಹೆಸರನ್ನು ಅವರ ಲಿಪಿಯಲ್ಲಿ ಬರೆಯುವಾಗ ಮೊದಲ ಅಕ್ಷರದ ನೆತ್ತಿಯ ಮೇಲೆ ಒಂದು ಪುಟ್ಟ ಸೊನ್ನೆ ಇಡುತ್ತಾರೆ. ಆ ಸೊನ್ನೆ ಬಿಟ್ಟರೆ ಅವರ ಓಲಂಡೂ ಒಂದೇ, ನಮ್ಮ ಆಳಂದವೂ ಒಂದೇ. ಊರಲ್ಲೇ ಕುಳಿತು ಹುಡುಕಿದರೆ ನಮ್ಮೂರು ಸಿಕ್ಕೀತು. ಮುಂಬೈ, ಪುಣೆ, ದುಬೈನಲ್ಲಿ ಕುಳಿತು ಹುಡುಕಿದರೆ ಹಡಗೇ ಗತಿ.

ಆ ದ್ವೀಪಗಳ ಒಟ್ಟು ಜನ ಸುಮಾರು 30 ಸಾವಿರ. ನಮ್ಮ ಆಳಂದ ತಾಲೂಕಿನ ಮಂದಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದರೆ ಅವರು ಏನು ಮಾಡಿದ್ದಾರೆ ಗೊತ್ತೇ? ಇರುವುದು ಫಿನ್‌ಲೆಂಡ್‌ನಲ್ಲಿ, ಆಡುವುದು ಸ್ವೀಡಿಷ್, ಬರುವ ಪ್ರವಾಸಿಗರು ಇನ್ನೊಂದು ಭಾಷೆಯವರು. ಅದಕ್ಕೆ ತಮ್ಮ ಊರಿನ ಸಂಗತಿಯನ್ನು ಸ್ವೀಡಿಷ್, ಫಿನ್ನಿಷ್, ಇಂಗ್ಲಿಷ್ ಮೂರರಲ್ಲೂ ಬರೆದಿಟ್ಟಿದ್ದಾರೆ. 2006ರಿಂದ ಇಂಟರ್‌ನೆಟ್‌ನಲ್ಲಿ ತಮ್ಮದೇ ಬಾಲವಿರುವ ವಿಳಾಸ ಪಡೆದಿದ್ದಾರೆ. ನಮಗೆ ಡಾಟ್ ಇನ್ ಇದ್ದ ಹಾಗೆ ಅವರಿಗೆ ಡಾಟ್ ಎಎಕ್ಸ್. ನಾವು? ಅಂಗಡಿ ಬೋರ್ಡಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಬಿಟ್ಟು ಕೈತೊಳೆದುಕೊಂಡಿದ್ದೇವೆ.

ಇದರಲ್ಲಿ ನಗುವಂಥದ್ದು ಹಡಗಿನ ಮಾತೊಂದೇ. ಉಳಿದದ್ದು ರೊಕ್ಕದ ಮಾತು, ನಂಬಿಕೆಯ ಮಾತು. ಅಫಜಲಪುರ ತಾಲೂಕಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2022ರ ಜೂನ್ ತಿಂಗಳು ನೆನಪಿಸಿಕೊಳ್ಳಿ. ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ಸುಮಾರು 8 ನಕಲಿ ವೆಬ್‌ಸೈಟ್ ತೆರೆದು, ಪೂಜೆ, ಸೇವೆ, ದೇಣಿಗೆ ಎಂದು ಭಕ್ತರಿಂದ ಹಣ ಎತ್ತಿದರೆಂಬ ಆರೋಪ ಬಂತು. ಪೊಲೀಸ್ ದೂರು ಆಯಿತು. ಕೆಲವು ಅರ್ಚಕರ ಮೇಲೆಯೇ ಬೆರಳು ತೋರಿಸಲಾಯಿತು. ಮೊತ್ತ 20 ಕೋಟಿ ರೂಪಾಯಿಯಷ್ಟು ಇರಬಹುದೆಂದು ರಾಜ್ಯದ ಪತ್ರಿಕೆಗಳಷ್ಟೇ ಅಲ್ಲ, ದೇಶದ ಪತ್ರಿಕೆಗಳೂ ಬರೆದವು. ತಪ್ಪು ಯಾರದೆಂದು ತೀರ್ಮಾನಿಸುವುದು ಕೋರ್ಟಿನ ಕೆಲಸ, ನಮ್ಮದಲ್ಲ. ನಮ್ಮ ಪ್ರಶ್ನೆ ಬೇರೆ. ಮುಜರಾಯಿಗೆ ಸೇರಿದ, ಸರ್ಕಾರದ ಕಣ್ಣೆದುರಿನ ದೇವಸ್ಥಾನದ ಹೆಸರಲ್ಲಿ 8 ನಕಲಿ ಬಾಗಿಲು ತೆರೆದವು ಎಂದಾಗ, ಅಸಲಿ ಬಾಗಿಲು ಇದೇ ಎಂದು ದೂರದ ಭಕ್ತನಿಗೆ ತೋರಿಸುವ ಬೋರ್ಡು ಎಲ್ಲಿತ್ತು?

ಗಾಣಗಾಪುರಕ್ಕೆ ಬರುವ ಭಕ್ತ ಯಾರೆಂದು ಒಮ್ಮೆ ಯೋಚಿಸಿ. ಭೀಮಾ ಅಮರಜಾ ಸಂಗಮದಲ್ಲಿ ಮುಳುಗು ಹಾಕಲು ಬರುವವರಲ್ಲಿ ದೊಡ್ಡ ಪಾಲು ಮಹಾರಾಷ್ಟ್ರದವರು. ನರಸಿಂಹ ಸರಸ್ವತಿಗಳ ಕಥೆ ಹೇಳುವ ಗುರುಚರಿತ್ರೆ ಇರುವುದೇ ಮರಾಠಿಯಲ್ಲಿ. ಅವರು ಮೊಬೈಲ್‌ನಲ್ಲಿ ಬೆರಳಾಡಿಸುವುದೂ ಮರಾಠಿಯಲ್ಲಿ. 'ಗಾಣಗಾಪೂರ' ಎಂದು ಅವರ ಕಾಗುಣಿತದಲ್ಲಿ ಬರೆಯುತ್ತಾರೆ. ಇಂಗ್ಲಿಷ್‌ನಲ್ಲಿ ಬರೆಯುವವರು ಒಂದು ಎನ್ ಆ ಕಡೆ ಈ ಕಡೆ ಮಾಡಿ 'ಗಂಗಾಪುರ' ಎಂದು ಬರೆದು ರಾಜಸ್ಥಾನದ ಗಂಗಾಪುರ ಸಿಟಿಗೋ, ನಾಶಿಕದ ಗಂಗಾಪುರ ಅಣೆಕಟ್ಟಿಗೋ ಹೋಗಿ ನಿಲ್ಲುತ್ತಾರೆ. ಕನ್ನಡದವರಲ್ಲೇ ಒಬ್ಬರು ಗಾಣಗಾಪುರ, ಇನ್ನೊಬ್ಬರು ಘಾಣಗಾಪುರ.

ಯಾರು ಈ ಎಲ್ಲ ಹೆಸರುಗಳನ್ನೂ ಮರಾಠಿ, ಕನ್ನಡ, ಹಿಂದಿ, ಇಂಗ್ಲಿಷ್‌ನಲ್ಲಿ ನೇರವಾಗಿ ಬರೆದಿಟ್ಟಿರುತ್ತಾರೋ ಅವರು ಮೇಲೆ ಬರುತ್ತಾರೆ. ಯಂತ್ರಕ್ಕೆ ಅಸಲಿ ನಕಲಿ ಹುಟ್ಟಿನಿಂದ ಗೊತ್ತಿರುವುದಿಲ್ಲ ಸ್ವಾಮಿ. ಬರೆದದ್ದು ಗೊತ್ತು, ಬರೆಯದ್ದು ಗೊತ್ತಿಲ್ಲ. ಸರ್ಕಾರ ಖಾಲಿ ಬಿಟ್ಟ ಜಾಗದಲ್ಲಿ ಚಾಪೆ ಹಾಸುವವರಿಗೆ ನಮ್ಮಲ್ಲಿ ಬರವೇ?

ಹಾಗಾದರೆ ಈ ಮೇಲೆ ಕೆಳಗೆ ಮಾಡುವವರು ಯಾರು? ಗೂಗಲ್ ಶುರುವಾದದ್ದು 1998ರಲ್ಲಿ. ಅದನ್ನು ಕಟ್ಟಿದ ಇಬ್ಬರು ಹುಡುಗರ ಮೂಲ ಉಪಾಯ ನಮ್ಮ ಪೇಟೆಯ ಉಪಾಯವೇ. ಒಬ್ಬ ಹೊಸ ವ್ಯಾಪಾರಿ ಬಂದರೆ ಅಡತಿ ಅಂಗಡಿಯವರು ಏನು ಕೇಳುತ್ತಾರೆ? "ನಿಮ್ಮನ್ನ ಬಲ್ಲವರು ಯಾರ್ರಿ?" ಅಷ್ಟೇ. ಯಾವ ಪುಟದ ಕಡೆಗೆ ಬೇರೆ ಒಳ್ಳೆಯ ಪುಟಗಳು ಕೈ ತೋರಿಸುತ್ತವೋ ಆ ಪುಟಕ್ಕೆ ಮರ್ಯಾದೆ. ಮುಂದೆ ಅದರ ಜೊತೆ ನೂರಾರು ಲೆಕ್ಕ ಸೇರಿದವು. ಹುಡುಕಿದವನ ಭಾಷೆ ಯಾವುದು, ಎಲ್ಲಿ ನಿಂತಿದ್ದಾನೆ, ಪುಟ ಬೇಗ ತೆರೆಯುತ್ತದೋ ಇಲ್ಲವೋ ಎಂಬುದೆಲ್ಲ ಈಗ ಲೆಕ್ಕಕ್ಕೆ ಬರುತ್ತದೆ. ಅಂಗಡಿ, ಲಾಡ್ಜು, ದವಾಖಾನೆಗಳ ಮಟ್ಟಿಗೆ ಮುಖ್ಯವಾಗಿ ಮೂರು ಸಂಗತಿ ನೋಡುತ್ತೇವೆ ಎಂದು ಗೂಗಲ್ಲೇ ಹೇಳಿಕೊಂಡಿದೆ: ಕೇಳಿದ್ದಕ್ಕೂ ನಿಮ್ಮಲ್ಲಿರುವುದಕ್ಕೂ ಹೊಂದಿಕೆ, ದೂರ, ಹೆಸರುವಾಸಿ. ಈ ಸಾಲಿನಲ್ಲಿ ರೊಕ್ಕ ಕೊಟ್ಟು ಮುಂದೆ ಬರುವ ದಾರಿ ಇಲ್ಲ ಎಂದೂ ಅದೇ ಹೇಳಿದೆ. ರೊಕ್ಕ ಕೊಟ್ಟು ಹಾಕಿಸಿದ್ದು ಜಾಹೀರಾತು. ಅದರ ತಲೆಯ ಮೇಲೆ 'ಸ್ಪಾನ್ಸರ್ಡ್' ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಕನ್ನಡಕ ಹಾಕಿಕೊಂಡು ನೋಡಬೇಕು.

ನಮ್ಮ ಬೇಳೆ ಸಾವ್ಕಾರರ ಸಿಟ್ಟಿನ ಮೂಲ ಇಲ್ಲೇ ಇತ್ತು. ದೊಡ್ಡ ಊರಿನ ಒಬ್ಬ ಏಜೆಂಟ್ ಫೋನ್ ಮಾಡಿ, ಮೂರು ತಿಂಗಳಲ್ಲಿ ನಿಮ್ಮ ಅಂಗಡಿಯನ್ನು ಒಂದನೇ ನಂಬರಿಗೆ ತರುತ್ತೇನೆ ಎಂದು 18,000 ರೂಪಾಯಿ ಕಿತ್ತಿದ್ದ. ವೆಬ್‌ಸೈಟ್ ಮಾಡಿಯೂ ಕೊಟ್ಟಿದ್ದ. ತೆರೆದು ನೋಡಿದೆ. ಎಲ್ಲವೂ ಇಂಗ್ಲಿಷ್. ಚಿತ್ರದಲ್ಲಿ ವಿದೇಶದ ಯಾವುದೋ ಹೊಲ. ಊರಿನ ಹೆಸರು ಒಂದೇ ಕಡೆ, ಅದೂ ಫೋಟೋದ ಒಳಗೆ. ಕನ್ನಡ ಎಂಬ ಬಟನ್ ಒತ್ತಿದರೆ ಯಂತ್ರದ ಅನುವಾದ: ಅಂಗಡಿಗೆ 'ಸ್ವಾಗತ' ಎನ್ನುವ ಬದಲು 'ನಿಮಗೆ ಪರವಾಗಿಲ್ಲ' ಎಂದು ಬರುತ್ತಿತ್ತು! ಗಿರಾಕಿ ಬರುವುದಾದರೂ ಹೇಗೆ?

"ಒಂದನೇ ನಂಬರ್ ಗ್ಯಾರಂಟಿ ಅಂದಾನ್ರಿ," ಎಂದರು ಸಾವ್ಕಾರರು. ಒಂದನೇ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ಬರೆದೇ ಇಟ್ಟಿದೆ. ಮಳೆ ಗ್ಯಾರಂಟಿ ಕೊಡುವವನಿಗೆ ಅವರು ಐದು ರೂಪಾಯಿ ಕೊಡುವವರಲ್ಲ. ಮೊಬೈಲ್ ಎಂದೊಡನೆ ವ್ಯಾಪಾರಿಗಳ ವ್ಯವಹಾರ ಬುದ್ಧಿ ಎಲ್ಲಿ ಹೋಗುತ್ತದೋ!

ಅವರು ಮಾರುವುದು ತೊಗರಿ ಬೇಳೆ. ಅದಕ್ಕೆ ಹೆಸರು ಎಷ್ಟು? ನಮಗೆ ತೊಗರಿ. ಅಕ್ಕಲಕೋಟ, ಸೊಲ್ಲಾಪುರದವರಿಗೆ ತೂರ. ಹೈದರಾಬಾದಿನವರಿಗೆ ಕಂದಿಪಪ್ಪು. ಉತ್ತರದವರಿಗೆ ಅರಹರ್. ಇಂಗ್ಲಿಷ್‌ನಲ್ಲಿ ಬರೆಯುವವರು ಟಿಯುಆರ್ ಎಂದು ಒಬ್ಬರು, ನಡುವೆ ಎರಡು ಓ ಹಾಕಿ ಇನ್ನೊಬ್ಬರು. 2019ರಲ್ಲಿ ನಮ್ಮ ಬೇಳೆಗೆ ಜಿಐ ಮಾನ್ಯತೆ ಸಿಕ್ಕಿತು, ಸಂತೋಷ. ಆದರೆ ಸಿಕ್ಕಿದ್ದು ಗುಲ್ಬರ್ಗಾ ತೂರ್ ದಾಲ್ ಎಂಬ ಹೆಸರಿಗೆ. ಊರಿನ ಹೆಸರು 2014ರ ನವೆಂಬರ್ 1ರಂದೇ ಕಲಬುರಗಿ ಆಗಿತ್ತು. ವಿಶ್ವವಿದ್ಯಾಲಯ ಇನ್ನೂ ಗುಲ್ಬರ್ಗಾ. 2019ರಲ್ಲಿ ತೆರೆದ ವಿಮಾನ ನಿಲ್ದಾಣದ ಸಂಕೇತಾಕ್ಷರ ಜಿಬಿಐ. ನಾವು ಹಳೆಯ ಹೆಸರನ್ನು ಕಲಬುರಗಿಯಿಂದ ಕಳಿಸಿದ್ದೇವೆ, ಜಗತ್ತು ಕಳಿಸಿಲ್ಲ. ಬಸ್ಸಿನದೂ ಅದೇ ಕಥೆ. ಈಶಾನ್ಯ ಕರ್ನಾಟಕ ಸಾರಿಗೆ 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ಆಯಿತು. ಪ್ರಯಾಣಿಕರ ಬಾಯಲ್ಲಿ, ಬೆರಳಲ್ಲಿ ಎರಡೂ ಹೆಸರು ಓಡಾಡುತ್ತಿವೆ. ಅಭಿಮಾನಕ್ಕೆ ಹೊಸ ಹೆಸರು ದೊಡ್ಡದಾಗಿ ಇರಲಿ. 'ಹಿಂದಿನ ಗುಲ್ಬರ್ಗಾ' ಎಂದು ಒಂದು ಸಾಲು ಕೆಳಗೆ ಬರೆದರೆ ಯಾರ ಗಂಟೂ ಹೋಗುವುದಿಲ್ಲ.

ಮೂರೂ ತಾಲೂಕಿನ ಹೆಸರಿನ ಗೋಳು ಇದೇ. ಜೇವರ್ಗಿಗೆ ಇಂಗ್ಲಿಷ್‌ನಲ್ಲಿ ಕೆಲವರು ವಿ ಹಾಕುತ್ತಾರೆ, ಕೆಲವರು ಡಬ್ಲ್ಯು. ಕನ್ನಡದಲ್ಲಿ ಜೇವರ್ಗಿ, ಜೇವರಗಿ. ಅಫಜಲಪುರಕ್ಕೆ ಇನ್ನೊಂದು ತೊಡಕು: ವಿಜಯಪುರದ ಮಗ್ಗುಲಲ್ಲೇ ಅಫಜಲಪುರ ಟಕ್ಕೆ ಇದೆ, ಬಿಜಾಪುರದ ಸರದಾರ ಅಫ್ಜಲ್‌ಖಾನನ ಹೆಸರಿನದು. ಆಳಂದಕ್ಕೆ ಫಿನ್‌ಲೆಂಡ್ ಸಾಲದೆಂದು ಪುಣೆ ಹತ್ತಿರದ ಆಳಂದಿಯ ಕಾಟ. ಜ್ಞಾನೇಶ್ವರರ ಸಮಾಧಿ ಇರುವ ಊರು, ದೊಡ್ಡ ಹೆಸರು. ಯಂತ್ರ "ನೀವು ಕೇಳಿದ್ದು ಆಳಂದಿಯೇ?" ಎಂದರೆ ಅದರ ತಪ್ಪಿಲ್ಲ.

ಈಗ ಭಾಷೆಯ ಲೆಕ್ಕಕ್ಕೆ ಬರೋಣ. ಇಲ್ಲೇ ಹೆಚ್ಚಿನವರು ಎಡವುವುದು.

ಒಂದೇ ಪುಟದಲ್ಲಿ ಮೇಲೆ ಕನ್ನಡ, ಕೆಳಗೆ ಮರಾಠಿ, ಮೂಲೆಯಲ್ಲಿ ಇಂಗ್ಲಿಷ್ ತುರುಕಿದರೆ ಅದು ಮದುವೆ ಊಟದ ಎಲೆಯಲ್ಲಿ ಪಾಯಸ, ಸಾರು ಕೂಡಿದ ಹಾಗೆ. ಈ ಪುಟ ಯಾರಿಗೆಂದು ಯಂತ್ರಕ್ಕೆ ತಿಳಿಯದು. ಒಂದೊಂದು ಭಾಷೆಗೆ ಒಂದೊಂದು ಪುಟ, ಒಂದೊಂದು ವಿಳಾಸ ಇರಬೇಕು. ಆಮೇಲೆ ಈ ನಾಲ್ಕೂ ಪುಟ ಒಂದೇ ಅಂಗಡಿಯವು, ಇದು ಕನ್ನಡದವರಿಗೆ, ಇದು ಮರಾಠಿಯವರಿಗೆ ಎಂದು ಪುಟದ ಒಳಗೆ, ಕಣ್ಣಿಗೆ ಕಾಣದ ಕಡೆ, ಒಂದು ಗುರುತು ಹಾಕಬೇಕು. ಎಚ್‌ರೆಫ್‌ಲ್ಯಾಂಗ್ ಎನ್ನುತ್ತಾರೆ. 2011ರಿಂದ ಬಳಕೆಯಲ್ಲಿದೆ. ಕನ್ನಡಕ್ಕೆ ಕೆಎನ್, ಮರಾಠಿಗೆ ಎಂಆರ್, ತೆಲುಗಿಗೆ ಟಿಇ, ಉರ್ದುವಿಗೆ ಯುಆರ್ ಎಂಬ ಸಂಕೇತಗಳಿವೆ. ವೆಬ್‌ಸೈಟ್ ಮಾಡುವ ಹುಡುಗನಿಗೆ ಈ ಮಾತು ಹೇಳಿ, ಅವನು ತಲೆ ಕೆರೆದುಕೊಂಡರೆ ಬೇರೆ ಹುಡುಗನನ್ನು ನೋಡಿ.

ಈ ಗುರುತು ಬೀಗತನ ಇದ್ದ ಹಾಗೆ. ಕನ್ನಡ ಪುಟ ಮರಾಠಿ ಪುಟವನ್ನು 'ನಮ್ಮ ಬೀಗರು' ಎಂದರೆ ಸಾಲದು, ಮರಾಠಿ ಪುಟವೂ ಹೌದೆನ್ನಬೇಕು. ಒಂದು ಕಡೆಯವರು ಒಪ್ಪದಿದ್ದರೆ ಗೂಗಲ್ ಆ ಸಂಬಂಧವನ್ನೇ ಬಿಟ್ಟುಬಿಡುತ್ತದೆ. ಇನ್ನೊಂದು ಮಾತು, ಈ ಗುರುತಿನಿಂದ ನೀವು ಹತ್ತನೇ ಜಾಗದಿಂದ ಒಂದಕ್ಕೆ ಹಾರುವುದಿಲ್ಲ. ನಿಮ್ಮ ಅಂಗಡಿ ಸಿಕ್ಕಾಗ ಸೊಲ್ಲಾಪುರದ ಗಿರಾಕಿಗೆ ಮರಾಠಿ ಬಾಗಿಲು, ಜೇವರ್ಗಿಯವನಿಗೆ ಕನ್ನಡ ಬಾಗಿಲು ತೆರೆಯುತ್ತದೆ, ಅಷ್ಟೇ. ಅಷ್ಟೇ ಎಂದರೂ ವ್ಯಾಪಾರದಲ್ಲಿ ಅದು ಸಣ್ಣದಲ್ಲ.

ಬುದ್ಧಿವಂತರು ಕೆಲವರಿದ್ದಾರೆ. ಗಿರಾಕಿ ಮಹಾರಾಷ್ಟ್ರದಲ್ಲಿ ನಿಂತಿದ್ದರೆ ಅವನನ್ನು ಕೇಳದೆ ಮರಾಠಿ ಪುಟಕ್ಕೆ ದಬ್ಬುವ ಏರ್ಪಾಡು ಮಾಡುತ್ತಾರೆ. ನಮ್ಮ ಗಡಿಯ ಗತಿ ಗೊತ್ತಿದ್ದವರು ಹೀಗೆ ಮಾಡಬಾರದು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತದ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ದುಧನಿ ಪೇಟೆಯಲ್ಲಿ ನಿಂತು ಕನ್ನಡದಲ್ಲಿ ಚೌಕಾಸಿ ಮಾಡುವ ರೈತನ ಮೊಬೈಲು 'ನೀನು ಮಹಾರಾಷ್ಟ್ರದವ' ಎನ್ನುತ್ತದೆ. ಅವನನ್ನು ಕನ್ನಡದಿಂದ ಹೊರಗೆ ದಬ್ಬಲು ನಮ್ಮವರ ವೆಬ್‌ಸೈಟೇ ಬೇಕೇ? ಇತ್ತ ನಮ್ಮ ಆಳಂದದ ಪೇಟೆಯಲ್ಲಿ ಉರ್ದು, ಮರಾಠಿ ಓದುವವರು ಎಷ್ಟು ಮಂದಿ! ಭಾಷೆ ಒಂದು ಲೆಕ್ಕ, ನೆಲ ಇನ್ನೊಂದು ಲೆಕ್ಕ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬಾರದು. ಬಲವಂತ ಮಾಡದೆ, ಪುಟದ ಮೇಲ್ಗಡೆ ಆಯಾ ಲಿಪಿಯಲ್ಲೇ ಭಾಷೆಯ ಹೆಸರು ಬರೆದಿಟ್ಟರೆ ಸಾಕು.

ದಬ್ಬುವುದರಿಂದ ಇನ್ನೂ ಒಂದು ನಷ್ಟವಿದೆ. ಪುಟಗಳನ್ನು ಓದಿಕೊಂಡು ಹೋಗಲು ಗೂಗಲ್ ಕಳಿಸುವ ಯಂತ್ರ ಹೆಚ್ಚಾಗಿ ಅಮೆರಿಕದಿಂದ ಬರುತ್ತದೆ. ಅಮೆರಿಕದವರಿಗೆಲ್ಲ ಇಂಗ್ಲಿಷ್ ಎಂದು ನೀವು ದಬ್ಬಿದರೆ ಅದು ಇಂಗ್ಲಿಷ್ ಪುಟ ನೋಡಿಕೊಂಡು ವಾಪಸ್. ನಿಮ್ಮ ಕನ್ನಡ ಪುಟ ಗೋದಾಮಿನ ಒಳಗೆ ಧೂಳು ತಿನ್ನುತ್ತಾ ಕೂತಿರುತ್ತದೆ.

ತಾಲೂಕಿಗೆ ಒಂದು ಗುರುತು ಇಲ್ಲವೇ ಎಂದು ಕೇಳಬಹುದು. ಇಲ್ಲ. ಆ ಗುರುತಿನಲ್ಲಿ ಭಾಷೆ ಹೇಳಬಹುದು, ದೇಶ ಹೇಳಬಹುದು. ಕಲಬುರಗಿ ಕನ್ನಡ ಬೇರೆ, ಮೈಸೂರು ಕನ್ನಡ ಬೇರೆ ಎಂದು ಹೇಳುವ ಜಾಗ ಅಲ್ಲಿಲ್ಲ. ಹಿಂದೆ ವೆಬ್‌ಸೈಟಿನ ಯಜಮಾನರು ನಮ್ಮ ಗಿರಾಕಿ ಇಂಥ ದೇಶದವರು ಎಂದು ಗೂಗಲ್‌ಗೆ ತಿಳಿಸುವ ಸೌಲಭ್ಯ ಒಂದಿತ್ತು, 2022ರಲ್ಲಿ ಅದನ್ನೂ ತೆಗೆದುಹಾಕಿದರು. ಹಾಗಾಗಿ ಊರನ್ನು ನಾವೇ ಬಾಯಿಬಿಟ್ಟು ಹೇಳಬೇಕು. ಅಂಗಡಿ ಹೆಸರು, ಯಾವ ರಸ್ತೆ, ಯಾವ ಗುಡಿ ಅಥವಾ ಬ್ಯಾಂಕಿನ ಎದುರು, ತಾಲೂಕು, ಜಿಲ್ಲೆ, ಪಿನ್ ಕೋಡ್. ಆಳಂದಕ್ಕೆ 585302, ಅಫಜಲಪುರಕ್ಕೆ 585301, ಜೇವರ್ಗಿಗೆ 585310. ಫಿನ್‌ಲೆಂಡ್‌ನವರು ಇದನ್ನು ಕದಿಯಲಾರರು. ಗೂಗಲ್‌ನಲ್ಲಿ ಅಂಗಡಿ ನೋಂದಾಯಿಸಲು ಒಂದು ಪೈಸೆಯೂ ಬೇಡ. ಆದರೆ ಬೋರ್ಡಿನಲ್ಲಿ ಒಂದು ಹೆಸರು, ಬಿಲ್ಲಿನಲ್ಲಿ ಇನ್ನೊಂದು, ಮೊಬೈಲಿನಲ್ಲಿ ಮೂರನೆಯದು ಬೇಡ.

ಊರ ಹೆಸರನ್ನು ನೂರು ಸಲ ಬರೆದರೆ ಮೇಲೆ ಬರುತ್ತೇವೆ ಎನ್ನುವವರ ಮಾತೂ ಕೇಳಬೇಡಿ. ಅದು ಮೋಸದ ಲೆಕ್ಕಕ್ಕೆ ಬಿದ್ದು, ಇದ್ದ ಜಾಗವೂ ಹೋಗುತ್ತದೆ.

ಇನ್ನು ಸರ್ಕಾರಿ ಕಚೇರಿಗಳ ಸಂಗತಿ. ನುಡಿ, ಬರಹ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು, ಅದನ್ನು ಮರೆಯಬಾರದು. ಆದರೆ ಯೂನಿಕೋಡ್ ಅಲ್ಲದ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪ್ ಮಾಡಿದ ಪ್ರಕಟಣೆ ನಮ್ಮ ಕಣ್ಣಿಗಷ್ಟೇ ಕನ್ನಡ. ಯಂತ್ರದ ಹೊಟ್ಟೆಯಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಇನ್ನು ಕೆಲವರು ಮುದ್ರೆ ಒತ್ತಿದ ಕಾಗದದ ಫೋಟೋವನ್ನೇ ಏರಿಸುತ್ತಾರೆ, ಅದೂ ವಾರೆಯಾಗಿ. ಪರಿಹಾರದ ಪಟ್ಟಿ, ನೀರಿನ ಪ್ರಕಟಣೆ, ಟೆಂಡರು ಎಲ್ಲವೂ ಹೀಗೆ. ಜೇವರ್ಗಿಯ ರೈತ 'ತೊಗರಿ ಬೆಳೆ ವಿಮೆ' ಎಂದು ಕನ್ನಡದಲ್ಲಿ ಹುಡುಕಿದರೆ ಕಚೇರಿಯ ಕಾಗದ ಸಿಗದೆ, ಅದನ್ನು ಅರ್ಧಂಬರ್ಧ ತಿಳಿದು ಬರೆದ ಯಾರೋ ಒಬ್ಬರ ಪುಟ ಸಿಗುತ್ತದೆ. 2017ರಿಂದ ಗೂಗಲ್‌ನಲ್ಲಿ ಕನ್ನಡದಲ್ಲಿ ಮಾತಾಡಿಯೇ ಹುಡುಕುವ ಸೌಲಭ್ಯ ಬಂದಿದೆ. ಕೇಳುವವನ ಬಾಯಿ ತೆರೆದಿದೆ, ಕಚೇರಿಯ ಕನ್ನಡ ಫೋಟೋದೊಳಗೆ ಸಿಕ್ಕಿಕೊಂಡಿದೆ.

ಖಾಲಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಇಡೀ ರಾಜ್ಯ 2021ರ ಜೂನ್‌ನಲ್ಲಿ ನೋಡಿದೆ. ಭಾರತದ ಅತಿ ಕುರೂಪ ಭಾಷೆ ಯಾವುದೆಂದು ಇಂಗ್ಲಿಷ್‌ನಲ್ಲಿ ಕೇಳಿದರೆ ಗೂಗಲ್ 'ಕನ್ನಡ' ಎಂದು ಉತ್ತರದ ಚೌಕಟ್ಟು ಹಾಕಿ ತೋರಿಸಿತು. ಆಗ ಕನ್ನಡ ಸಂಸ್ಕೃತಿ ಖಾತೆಯ ಸಚಿವರಾಗಿದ್ದ ಅರವಿಂದ ಲಿಂಬಾವಳಿ ನೋಟಿಸು ಕೊಡುವ ಮಾತಾಡಿದರು, ಗೂಗಲ್ ಕ್ಷಮೆ ಕೇಳಿತು. ನಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಯಾವುದೋ ಮೂಲೆಯ ಪುಟದ ಒಂದು ಕೆಟ್ಟ ಸಾಲು ಅಷ್ಟು ಮೇಲೆ ಹೇಗೆ ಏರಿತು? ಅಂಥ ಪ್ರಶ್ನೆಗೆ ಬೇರೆ ಯಾವ ಮರ್ಯಾದಸ್ಥನೂ ಉತ್ತರ ಬರೆದಿರಲಿಲ್ಲ. ಇದ್ದದ್ದೊಂದೇ, ಅದೇ ಮೊದಲನೆಯದಾಯಿತು. 2011ರ ಜನಗಣತಿಯಲ್ಲಿ 4 ಕೋಟಿ 37 ಲಕ್ಷ ಜನರ ತಾಯ್ನುಡಿಯಾಗಿದ್ದ ಭಾಷೆಯ ಕಥೆ ಇದು. ಗಾಣಗಾಪುರದ್ದೂ ಬೇರೆಯಲ್ಲ.

ಆದ್ದರಿಂದ ಜಿಲ್ಲಾಧಿಕಾರಿಗಳಿಗೂ ಮುಜರಾಯಿ ಇಲಾಖೆಗೂ ಈ ಅಂಕಣದ ಬೇಡಿಕೆ ನೇರವಾಗಿದೆ. ಗಾಣಗಾಪುರದ ಅಧಿಕೃತ ಪುಟ ಕನ್ನಡ, ಮರಾಠಿ, ತೆಲುಗು, ಹಿಂದಿ, ಇಂಗ್ಲಿಷ್‌ನಲ್ಲಿ ಬೇರೆ ಬೇರೆಯಾಗಿ, ಮನುಷ್ಯರು ಬರೆದ ಭಾಷೆಯಲ್ಲಿ ಇರಲಿ. ಸೇವೆಯ ದರ ಅಲ್ಲಿ ಅಚ್ಚಾಗಲಿ, ಫೋಟೋದಲ್ಲಲ್ಲ, ಅಕ್ಷರದಲ್ಲಿ. ಸರ್ಕಾರಕ್ಕೆ ಮಾತ್ರ ಸಿಗುವ ಡಾಟ್ ಗೌ ಡಾಟ್ ಇನ್ ವಿಳಾಸದಲ್ಲೇ ಅದು ನಿಲ್ಲಲಿ. ಜಿಲ್ಲಾಡಳಿತ, ಪ್ರವಾಸೋದ್ಯಮ, ಸಾರಿಗೆ ನಿಗಮದ ಪುಟಗಳು ಅದರ ಕಡೆ ಕೈ ತೋರಿಸಲಿ. ಸರ್ಕಾರವೇ ಬಲ್ಲವನು ಎಂದು ಶಿಫಾರಸು ಮಾಡಿದರೆ ನಕಲಿಗಳು ಹಿಂದೆ ಸರಿಯುತ್ತವೆ. ಗಾಣಗಾಪುರ ರೋಡ್ ರೈಲು ನಿಲ್ದಾಣದಲ್ಲಿ, ಬಸ್ ನಿಲ್ದಾಣದಲ್ಲಿ ಆ ವಿಳಾಸವನ್ನು ಮರಾಠಿಯಲ್ಲೂ ದೊಡ್ಡದಾಗಿ ಬರೆಸಲಿ. ಅದಕ್ಕೆ ಒಂದು ಡಬ್ಬಿ ಬಣ್ಣ ಸಾಕು.

ನಮ್ಮ ಸಾವ್ಕಾರರು ಇದನ್ನೆಲ್ಲ ಕೇಳುತ್ತಾ ಚಹಾ ಆರಿಸಿಕೊಂಡರು. ಏಜೆಂಟನಿಗೆ ಮುಂದಿನ ಕಂತು ಕೊಡುವುದಿಲ್ಲ ಎಂದರು. ಮೊಮ್ಮಗಳು ಕಾಲೇಜು ಓದುತ್ತಾಳೆ, ಕನ್ನಡ ಅವಳೇ ಬರೆಯುತ್ತಾಳಂತೆ. ಮರಾಠಿಗೆ ಅಕ್ಕಲಕೋಟದ ಬೀಗರು ಇದ್ದಾರೆ. ಉರ್ದುವಿಗೆ ಪಕ್ಕದ ಅಂಗಡಿಯ ಮಾಸ್ತರರು. ತೆಲುಗಿಗೆ ಸೇಡಂ ಕಡೆಯವರನ್ನು ಹಿಡಿಯಬೇಕು.

ಜೇವರ್ಗಿಯಲ್ಲೂ ಅವರದೊಂದು ಅಂಗಡಿ ಇದೆ. ಬಸ್ಸು ಬಂತು, ಎದ್ದೆ. ಹಿಂದಿನಿಂದ ಕೂಗಿದರು:

"ಪೇಪರ್‌ನವರ, ಜೇವರ್ಗಿಗಿ ಇಂಗ್ಲಿಷ್‌ನ್ಯಾಗ ವಿ ಹಾಕ್ಲ್ಯೋ, ಡಬ್ಲ್ಯು ಹಾಕ್ಲ್ಯೋ?"

"ಎರಡೂ ಹಾಕ್ರಿ," ಎಂದೆ.